ಡಬ್ಬಿಯ ಮುಚ್ಚಳದ ಮೇಲಿನ ಪಾಸ್‌ವರ್ಡು

ನಮ್ಮ ಅತ್ತಿಯ ಬಗ್ಗೆ ನಿಮಗೆ ಗೊತ್ತಿಲ್ಲದ ಸಂಗತಿ ಒಂದೂ ಇರಲಾರದು. ಆಕೆಯನ್ನು ನೋಡಿಲ್ಲ, ಹೆಸರು ಕೇಳಿಲ್ಲ, ಇಂಡಿಗೆ ಕಾಲೇ ಇಟ್ಟಿಲ್ಲ ಎಂದೆಲ್ಲ ಹೇಳಬೇಡಿ. ಎರಡು ಸಾವಿರದ ಏಳು, ಎಂಟರ ಹೊತ್ತಿಗೆ ನೀವು ಒಂದೇ ಒಂದು ಸಲ ಇಂಟರ್ನೆಟ್ಟಿನ ಮುಂದೆ ಕೂತಿದ್ದರೂ ಸಾಕು, ಆಕೆಯ ಹುಟ್ಟಿದ ತಾರೀಖು, ರಕ್ತದ ಗುಂಪು, ಎಡಗಾಲಿನ ಮೊಣಕಾಲು ನೋವು, ನಮ್ಮ ಹಿತ್ತಲ ಬಾಗಿಲಿನ ಚಿಲಕ ಸರಿಯಾಗಿ ಕೂಡುವುದಿಲ್ಲ ಎಂಬುದು, ಇಷ್ಟಾದರೂ ನಿಮಗೆ ತಿಳಿದಿರಬೇಕು! ನನ್ನ ಮೊಬೈಲ್ ನಂಬರೂ ತಿಳಿದಿರಬೇಕು. ಆಗ ಫೋನ್ ಮಾಡಿ ಸತಾಯಿಸಿದವರಲ್ಲಿ ನೀವೂ ಒಬ್ಬರಾಗಿದ್ದರೆ ಈಗಲಾದರೂ ಒಪ್ಪಿಕೊಂಡುಬಿಡಿ. ಬೈಯುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಮದುವೆ ಮಾಡಿಕೊಳ್ಳಲಿಲ್ಲ. ಇಂಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ನಮ್ಮ ಮನೆಯಲ್ಲೇ ಇದ್ದಳು. ಊರಲ್ಲಿ ಫೋನಿಗೆ ತಾವೇ ಅಂಕಿ ತಿರುವುವ ಸೌಕರ್ಯ ಬರುವ ಮೊದಲು ಯಾರು ರಿಸೀವರ್ ಎತ್ತಿದರೂ ಕೇಳಿಸುತ್ತಿದ್ದದ್ದು ಈಕೆಯ ದನಿ. ಯಾರ ಮನೆಗೆ ಹೆಣ್ಣು ನೋಡಲು ಬರುತ್ತಾರೆ, ಯಾರ ಹೊಲದ ದಾವೆ ಏನಾಯಿತು, ಲಿಂಬಿಹಣ್ಣಿನ ಪೇಟೆ ಇವತ್ತು ಏರಿದೆಯೋ ಇಳಿದಿದೆಯೋ, ಎಲ್ಲವೂ ಆಕೆಯ ಕಿವಿಯನ್ನು ದಾಟಿಯೇ ಮುಂದೆ ಹೋಗಬೇಕು. ಅಂಥ ಹೆಂಗಸು ಮನೆಯಲ್ಲಿದ್ದರೆ ನಮಗೆಷ್ಟು ಮಜಾ ಎಂದು ನೀವು ಅಂದುಕೊಂಡಿರಬಹುದು. ಎಲ್ಲಿಯ ಮಜಾ! ಎದುರುಮನೆಯ ಹುಡುಗಿಯ ನಿಶ್ಚಯ ಮುರಿದಾಗ ಅವ್ವ ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ಕೇಳಿಯೇಬಿಟ್ಟಳು.

"ಅಕ್ಕಾರ, ನಿಮಗ ಗೊತ್ತಿರಬೇಕಲ್ರಿ? ಅವರು ಫೋನ್ ಮಾಡಿದ್ದು ನಿಮ್ಮ ಡ್ಯೂಟಿ ಟೈಮಿನಾಗ ಅಂತ."

"ಡ್ಯೂಟಿ ಮ್ಯಾಲ ನನಗ ಕಿವಿ ಕೇಳಂಗಿಲ್ಲವ್ವಾ," ಎಂದು ಅತ್ತಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು.

ಹೀಗೆ ಇಡೀ ತಾಲೂಕಿನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಅರಗಿಸಿಕೊಂಡವಳು, ನಿವೃತ್ತಿಯಾದ ಮೇಲೆ ತನ್ನದೂ ನಮ್ಮದೂ ಒಂದೂ ಬಿಡದೆ ಜಗತ್ತಿಗೆಲ್ಲ ಹಂಚಿದಳು ಎಂದರೆ ಯಾರಿಗೆ ಹೇಳುವುದು? ತಪ್ಪು ನನ್ನದೇ. ನಾನಾಗ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬಸ್ ಸ್ಟ್ಯಾಂಡಿನ ಬಳಿಯ ಇಂಟರ್ನೆಟ್ ಸೆಂಟರಿಗೆ ಒಂದು ರವಿವಾರ ಆಕೆಯನ್ನು ಕರೆದುಕೊಂಡು ಹೋದೆ. ಆಗ ಇಂಟರ್ನೆಟ್ಟಿನಲ್ಲಿ ಎಲ್ಲರೂ ಸೇರುತ್ತಿದ್ದ ಒಂದು ಸ್ನೇಹದ ತಾಣ ಇತ್ತು. ಈಗ ಅದರ ಗುರುತೂ ಇಲ್ಲ. ನನ್ನ ಟ್ರೇನಿಂಗ್ ದಿನಗಳ ಗೆಳತಿ ಅದರಲ್ಲಿ ಸಿಕ್ಕಿದ್ದಳು. ಅದನ್ನು ತೋರಿಸಿ ಜಂಬ ಕೊಚ್ಚಿಕೊಂಡೆ.

"ನೋಡತ್ತಿ, ಎಂಟ ವರ್ಷದಿಂದ ಪತ್ತೆ ಇರಲಿಲ್ಲ. ಇದರಾಗ ಕಳದ ಹೋದವರೆಲ್ಲಾ ಸಿಗ್ತಾರ."

"ಎಲ್ಲಾರೂ?"

"ಎಲ್ಲಾರೂ. ನಾವು ನಮ್ಮ ಗುರ್ತಾ ಬರದಿರಬೇಕು ಅಷ್ಟ."

ಆ ಕೊನೆಯ ಮಾತನ್ನು ನಾನು ಆಡಬಾರದಿತ್ತು. ಮರುದಿನದಿಂದ ಅತ್ತಿ ಊಟ ಮುಗಿಸಿ, ಕನ್ನಡಕ ಒರೆಸಿ, ಕೊಡೆ ಹಿಡಿದು ಸೆಂಟರಿಗೆ ಹೊರಡತೊಡಗಿದಳು. ಎಕ್ಸ್‌ಚೇಂಜಿನ ಬೋರ್ಡಿನ ಮೇಲೆ ಎರಡೂ ಕೈ ಓಡಿಸಿದವಳಿಗೆ ಕೀಬೋರ್ಡು ಯಾವ ಲೆಕ್ಕ? ತಿಂಗಳೊಳಗೆ ನನಗಿಂತ ಜೋರಾಗಿ ಒತ್ತುತ್ತಿದ್ದಳು. ಸೆಂಟರಿನ ಮಾಲೀಕ ಕಿಟಕಿಯ ಬದಿಯ ಕಂಪ್ಯೂಟರನ್ನು ಅತ್ತಿಗೆಂದೇ ಬಿಟ್ಟುಕೊಟ್ಟಿದ್ದ.

ಆಕೆ ಏನು ಬರೆದಿದ್ದಾಳೆಂದು ನಾನು ನೋಡಿದ್ದು ತುಸು ತಡವಾಗಿ. ನೋಡಿ ಅಲ್ಲೇ ಕುರ್ಚಿಯಲ್ಲಿ ಒರಗಿದೆ. ಹೆಸರಿನ ಜಾಗದಲ್ಲಿ ಹೆಸರಿಲ್ಲ, 'ಇಂಡಿ' ಎಂದಷ್ಟೇ ಇದೆ! ಚಿತ್ರ, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಬೋರ್ಡಿನ ಮುಂದೆ ಕೂತ ಹಳೆಯ ಕಪ್ಪುಬಿಳುಪು ಫೋಟೋ. ಕೆಳಗೆ ಜಾತಕಕ್ಕಿಂತ ಉದ್ದವಾದ ವಿವರ. ಬಸ್ ಸ್ಟ್ಯಾಂಡಿನಿಂದ ಇಳಿದು ಎಷ್ಟು ಹೆಜ್ಜೆ ನಡೆದರೆ ನಮ್ಮ ಮನೆ, ಎಲ್ಲಿ ಬೇವಿನ ಗಿಡ, ಎಲ್ಲಿ ನಾಯಿ, ಆ ನಾಯಿ ಕಚ್ಚುವುದಿಲ್ಲ. ಮನೆಯ ಫೋನ್ ನಂಬರು. ಅದರ ಕೆಳಗೆ ನನ್ನ ಫೋಟೋ, ನನ್ನ ಮೊಬೈಲ್ ನಂಬರು. 'ನಾ ಮನ್ಯಾಗ ಇಲ್ಲಾಂದ್ರ ಈಕಿಗೆ ಹೇಳ್ರಿ. ನಮ್ಮ ತಮ್ಮನ ಮಗಳು. ಮುಂಜಾನೆ ಎಂಟೂವರಿ ಬಸ್ಸಿಗೆ ಸಾಲಿಗೆ ಹೋಗ್ತಾಳ, ಸಂಜಿ ಐದಕ್ಕ ಬರ್ತಾಳ.'

"ಅತ್ತಿ, ಇದೇನಿದು? ಕಳ್ಳರಿಗೆ ಆಮಂತ್ರಣ ಪತ್ರಿಕಿ ಬರದೀಯೇನು?"

"ಕಳ್ಳರು ಬಸ್ ಸ್ಟ್ಯಾಂಡಿನ್ಯಾಗ ಇಳದು ಹೆಜ್ಜಿ ಎಣಿಸಿಕೋತ ಬರ್ತಾರೇನ?"

ನಾನು ಅಳಿಸಿದೆ, ವಾರದಲ್ಲಿ ಎಲ್ಲವೂ ಮತ್ತೆ ಬಂದು ಕೂತಿತ್ತು. ಮತ್ತೆ ಅಳಿಸಿದೆ, ಮತ್ತೆ ಬಂತು. ಗಣಿತದ ಬೋರ್ಡನ್ನೂ ನಾನು ಅಷ್ಟು ಸಲ ಒರೆಸಿಲ್ಲ.

ಫೋನುಗಳು ಶುರುವಾದವು. ಮನೆಯ ಫೋನಿಗೆ ಬಂದದ್ದನ್ನು ಅತ್ತಿಯೇ ಎತ್ತುತ್ತಿದ್ದಳು. ಅಪರಿಚಿತ ದನಿ ಎಂದರೆ ಆಕೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಯಾರು, ಎಲ್ಲಿಂದ ಎಂದಲ್ಲ. "ಇವತ್ತೇನ ಪಲ್ಯಾ?" ಎಂದು! ವಿಮೆ ಮಾರುವವನು ತಬ್ಬಿಬ್ಬಾಗಿ "ಬದನಿಕಾಯಿ ರೀ" ಎನ್ನುತ್ತಿದ್ದ. ಬಹುಮಾನ ಬಂದಿದೆ, ನಿಮ್ಮ ವಿವರ ಕೊಡಿ ಎಂದವನೊಬ್ಬ ಹಿಂದಿಯಲ್ಲಿ ಆಲೂಗಡ್ಡೆ ಎಂದ. ಅತ್ತಿ "ಅಲ್ಲ" ಎಂದು ಫೋನ್ ಇಟ್ಟುಬಿಡುತ್ತಿದ್ದಳು. ಏನು ಅಲ್ಲ? ಅವನ ಮನೆಯ ಪಲ್ಯ ಅವನಿಗೆ ಗೊತ್ತಿಲ್ಲವೇ? ವಯಸ್ಸಾಯಿತು, ಊಟದ ಮೇಲೆ ಧ್ಯಾನ ಹೆಚ್ಚಾಗಿದೆ ಎಂದು ನಾವೆಲ್ಲ ಸುಮ್ಮನಾದೆವು.

ಆಮೇಲೆ ನಾಲತವಾಡದಲ್ಲಿ ಬಳಗದವರ ಮದುವೆ ಬಂತು. ಮನೆಮಂದಿಯೆಲ್ಲ ಎರಡು ದಿನ ಹೋಗಿಬರುವುದಿತ್ತು. ಅತ್ತಿ ಹೊರಡುವ ಹಿಂದಿನ ಮಧ್ಯಾಹ್ನ ಸೆಂಟರಿಗೆ ಹೋಗಿ ಅದನ್ನೂ ಬರೆದು ಬಂದಿದ್ದಳು. ನಮಗೆ ಗೊತ್ತಾದದ್ದು ಮರಳಿ ಬಂದಾಗ. ಬೀಗ ತೆಗೆದಿದೆ, ಬಾಗಿಲು ಹಾರುಹೊಡೆದಿದೆ. ಒಳಗೆ ಹೋದರೆ ಪಡಸಾಲೆಯಲ್ಲಿ, ಅಪ್ಪನ ಆರಾಮ ಕುರ್ಚಿಯಲ್ಲಿ, ಹಣ್ಣು ಹಣ್ಣು ಮುದುಕರೊಬ್ಬರು ಪೇಪರು ಓದುತ್ತ ಕೂತಿದ್ದಾರೆ!

"ಬರ್ರಿ ಬರ್ರಿ, ಒಳಗ ಬರ್ರಿ," ಎಂದು ನಮ್ಮ ಮನೆಗೆ ನಮ್ಮನ್ನೇ ಸ್ವಾಗತಿಸಿದರು. "ಪ್ರಯಾಣ ಆರಾಮ ಆತಿಲ್ಲೋ? ನೀರ ತುಂಬಿಟ್ಟೇನಿ, ಕಾಲ ತೊಳಕೋರ್ರಿ."

ಹೊರ್ತಿ ಊರಿನ ನಿವೃತ್ತ ಮಾಸ್ತರರು. ಆ ತಾಣದಲ್ಲಿ ಅತ್ತಿಯ ಸ್ನೇಹಿತರಂತೆ. ಕೀಲಿಕೈ ಬಾಗಿಲ ಮೇಲಿನ ತೊಲೆಯ ಸಂದಿಯಲ್ಲಿದೆ, ಯಾರಾದರೂ ಬಂದರೆ ಹೊರಗೆ ನಿಲ್ಲಬೇಡಿ ಎಂದು ಅತ್ತಿಯೇ ಬರೆದಿದ್ದಾಳಲ್ಲ, ಅದಕ್ಕೇ ನಿಲ್ಲಲಿಲ್ಲ. ಕೋರ್ಟಿನ ಕೆಲಸಕ್ಕೆ ಇಂಡಿಗೆ ಬಂದವರು ಒಂದು ರಾತ್ರಿ ಉಳಿದಿದ್ದರು. ಶೇಂಗಾ ಚಟ್ನಿ ಅರ್ಧ ಡಬ್ಬಿ ಖಾಲಿ. ಅಪ್ಪ ಅವರಿಗೆ ಚಹಾ ಮಾಡಿಸಿ, ಬಸ್ಸಿಗೆ ಬಿಟ್ಟು ಬಂದು, ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡ. ಮುಂದೆ ಸ್ನಾನಕ್ಕೂ ಅದನ್ನು ಬಿಚ್ಚಲಿಲ್ಲ.

ಅತ್ತಿಗೆ ಮಾತ್ರ ಬೇಜಾರು. "ಬಂದವರು ಮಾಸ್ತರು ಒಬ್ರ ಏನ?" ಎಂದು ಎರಡೆರಡು ಸಲ ಕೇಳಿದಳು. ಇನ್ನೆಷ್ಟು ಜನ ಬರಬೇಕಿತ್ತೋ!

ಇಷ್ಟಾದ ಮೇಲೆ ನಾನು, ಆಕೆ ಬರೆಯುವುದನ್ನು ತಡೆಯಲಾಗದಿದ್ದರೂ ಬೇರೆಯವರು ಅದರೊಳಗೆ ಕೈ ಹಾಕದಂತೆ ಪಾಸ್‌ವರ್ಡನ್ನಾದರೂ ಗಟ್ಟಿ ಮಾಡೋಣ ಎಂದುಕೊಂಡೆ. ಅತ್ತಿಯನ್ನು ಕೂರಿಸಿಕೊಂಡು ಪಾಠ ಮಾಡಿದೆ. ಪಾಸ್‌ವರ್ಡು ಎಂದರೆ ಸುಲಭವಾಗಿ ಊಹಿಸುವಂತೆ ಇರಬಾರದು, ಯಾರಿಗೂ ಹೇಳಬಾರದು, ಮರೆಯಲೂಬಾರದು. ಆಗಿದ್ದದ್ದು 'ಸಿಂದಗಿ'. ಇಂಡಿಯವಳಿಗೆ ಸಿಂದಗಿ ಯಾಕೆ ಎಂದರೆ "ಬರೇ ಬಾಜೂ ತಾಲೂಕು" ಎಂದಳು. ನಾನು ಅಕ್ಷರ, ಅಂಕಿ ಬೆರೆಸಿ ಹೊಸದೊಂದು ಮಾಡಿಕೊಟ್ಟೆ. ಆಕೆ ಅದನ್ನು ಎರಡು ಸಲ ಓದಿ, ತಲೆ ಆಡಿಸಿ, ಚೀಟಿಯಲ್ಲಿ ಬರೆದುಕೊಂಡಳು.

ಚೀಟಿ ಕಳೆಯುತ್ತದೆ ಎಂಬ ಬುದ್ಧಿ ಆಕೆಗಿತ್ತು. ಆ ವಾರ ಓಣಿಗೆ ಭಾಂಡೆಯ ಮೇಲೆ ಹೆಸರು ಹಾಕುವವನು ಬಂದಿದ್ದ. ನಮ್ಮ ಕಡೆ ಹೊಸ ಸ್ಟೀಲಿನ ಸಾಮಾನು ತಂದರೆ ಹೆಸರು ಕೆತ್ತಿಸದೆ ಒಲೆ ಹತ್ತಿರ ಒಯ್ಯುವುದಿಲ್ಲ. ಮನೆಯಿಂದ ಮನೆಗೆ ಓಡಾಡುವ ಭಾಂಡೆ ತಿರುಗಿ ಬರಬೇಕಲ್ಲ! ಅತ್ತಿ ಹೊಸ ಡಬ್ಬಿಯ ಮುಚ್ಚಳ ಕೊಟ್ಟು ತನ್ನ ಹೆಸರು, ಊರು, ಅದರ ಕೆಳಗೆ ಆ ಪಾಸ್‌ವರ್ಡು, ಮೂರನ್ನೂ ಕೆತ್ತಿಸಿದಳು. ಕಳೆಯುವ ಪ್ರಶ್ನೆಯೇ ಇಲ್ಲ. ಸ್ಟೀಲು!

ಹಬ್ಬಕ್ಕೆ ಅವ್ವ ಅದೇ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತುಂಬಿ ಬಾಜೂ ಮನೆಗೆ ಕಳಿಸಿದಳು. ಖಾಲಿ ಡಬ್ಬಿ ಯಾರೂ ತಿರುಗಿ ಕೊಡುವುದಿಲ್ಲವಷ್ಟೆ? ಅವರು ಕರಚಿಕಾಯಿ ತುಂಬಿ ಕಳಿಸಿದರು, ಅವ್ವ ಲಿಂಬಿಹಣ್ಣಿನ ಉಪ್ಪಿನಕಾಯಿ ತುಂಬಿ ಹಿಂದಿನ ಮನೆಗೆ ಕೊಟ್ಟಳು, ಅಲ್ಲಿಂದ ಅದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹೊತ್ತು ಇನ್ನೆತ್ತಲೋ ಹೋಯಿತು. ಒಂದು ತಿಂಗಳು ಡಬ್ಬಿ ಓಣಿಯಲ್ಲಿ ತಿರುಗಿತು. ಪ್ರತಿ ಮನೆಯಲ್ಲೂ ಕಾಲೇಜಿಗೆ ಹೋಗುವ ಒಂದೊಂದು ಹುಡುಗಿ. ಅವರಿಗೆ ಮುಚ್ಚಳದ ಮೇಲಿನ ಅಕ್ಷರ ಏನೆಂದು ಹೇಳಿಕೊಡಬೇಕೇ? ಆ ತಿಂಗಳು ಡಬ್ಬಿ ಹೋದಲ್ಲೆಲ್ಲ ಅತ್ತಿಯ ಹೆಸರಿನಲ್ಲಿ ಬೇರೆಯವರು ಮಾತಾಡಿದರು. ಅತ್ತಿ ಸಿನಿಮಾ ನಟನೊಬ್ಬನಿಗೆ ಪ್ರೇಮಪತ್ರ ಬರೆದಳು, ಕ್ರಿಕೆಟ್ಟಿನ ಬಗ್ಗೆ ಜಗಳವಾಡಿದಳು, ಹೊರ್ತಿ ಮಾಸ್ತರರಿಗೆ ಗುಲಾಬಿ ಹೂವಿನ ಚಿತ್ರ ಕಳಿಸಿದಳು. ಮಾಸ್ತರರು ಮರುದಿನದ ಬಸ್ಸಿಗೇ ಹೊರಟುಬಂದರು! ಅವರನ್ನು ಸಮಾಧಾನ ಮಾಡಿ ಕಳಿಸಲು ಇನ್ನರ್ಧ ಡಬ್ಬಿ ಚಟ್ನಿ ಬೇಕಾಯಿತು.

ಇಲ್ಲಿಯವರೆಗೆ ನಗಬಹುದು. ನಾನೂ ಸುಸ್ತಾದರೂ ನಗುತ್ತಿದ್ದೆ. ಆದರೆ ಎಲ್ಲ ಫೋನೂ ಮನೆಗೇ ಬರುತ್ತಿರಲಿಲ್ಲ. ನನ್ನ ಮೊಬೈಲಿಗೂ ಬರುತ್ತಿದ್ದವು. ಪಾಠದ ನಡುವೆ ರಿಂಗಾದರೆ ಹುಡುಗರು ನಗುತ್ತಿದ್ದರು. ಹೆಡ್‌ಮಾಸ್ತರರು ಒಂದು ದಿನ ಮೆಲ್ಲಗೆ "ಟೀಚರ್, ನಿಮಗ ಬಳಗ ಭಾಳ ಕಾಣ್ತೈತ್ರಿ" ಎಂದರು. ಮದುವೆಯಾಗದ ಹೆಣ್ಣುಮಗಳು ನಾನು. ಆ ಮಾತಿನ ಅರ್ಥ ತಿಳಿಯದಷ್ಟು ಎಳೆಯವಳಲ್ಲ. ಅದರಲ್ಲೂ ಒಬ್ಬ ದಿನವೂ ಮಾಡುತ್ತಿದ್ದ. ಹೆಸರು ಹೇಳುತ್ತಿರಲಿಲ್ಲ. "ನೀಲಿ ಸೀರಿ ನಿಮಗ ಒಪ್ತೈತ್ರಿ" ಎಂದ ಒಂದು ದಿನ. ಫೋಟೋದಲ್ಲಿ ನೋಡಿರಬೇಕು ಎಂದುಕೊಂಡು ಇಟ್ಟುಬಿಟ್ಟೆ. ಇನ್ನೊಂದು ಮುಂಜಾನೆ ಬಸ್ಸು ತಪ್ಪಿತು. ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಫೋನು ರಿಂಗಾಯಿತು.

"ಎಂಟೂವರಿ ಬಸ್ ತಪ್ಪಿತೇನ್ರಿ?"

ನಾನು ಸುತ್ತ ನೋಡಿದೆ. ಎಷ್ಟೋ ಜನ ನಿಂತಿದ್ದರು, ಎಷ್ಟೋ ಜನರ ಕಿವಿಯಲ್ಲಿ ಫೋನಿತ್ತು. ಶಾಲೆಗೆ ಹೋಗದೆ ಓಡಿದಂತೆ ಮನೆಗೆ ಬಂದು, ಪಡಸಾಲೆಯಲ್ಲಿ ಕೂತು ಅತ್ತುಬಿಟ್ಟೆ. ಅತ್ತಿಯನ್ನು ಬಾಯಿಗೆ ಬಂದಂತೆ ಬೈದೆ. ನಿನಗೇನು, ನಿನ್ನ ಕಾಲ ಮುಗಿದಿದೆ, ನಾನು ನಾಳೆ ಇದೇ ಬಸ್ಸಿಗೆ ನಿಲ್ಲಬೇಕು ಎಂದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅತ್ತಿ ಕೊಡೆ ತೆಗೆದುಕೊಂಡಳು.

"ನಡಿ. ಎಲ್ಲಾ ತಗದ ಬಿಡು."

ಸೆಂಟರಿನಲ್ಲಿ ನಾನು ಒಂದೊಂದನ್ನೇ ಅಳಿಸಿದೆ, ಆಕೆ ಪಕ್ಕದಲ್ಲಿ ನಿಂತು ನೋಡಿದಳು. ನನ್ನ ಫೋಟೋ, ನಂಬರು, ಮನೆಯ ದಾರಿ, ಮನೆಯ ಫೋನು. ಪಾಸ್‌ವರ್ಡು ಬದಲಾಯಿಸಿದೆ. ನನ್ನ ಸಿಮ್ ಬದಲಾಯಿತು; ಅಪ್ಪ ಪೊಲೀಸ್ ಠಾಣೆಗೆ ಹೋಗಿ ಆ ನಂಬರು ಬರೆಸಿಬಂದ; ಎರಡು ತಿಂಗಳು ದಿನವೂ ನನ್ನ ಜೊತೆ ಬಸ್ಸಿನವರೆಗೆ ಬಂದ. ಆಮೇಲೆ ಆ ಮನುಷ್ಯನ ಸದ್ದಿಲ್ಲ. ಹೆದರಿಕೆ ಹೋಗಲು ಮಾತ್ರ ಇನ್ನೂ ಬಹಳ ದಿನ ಹಿಡಿಯಿತು.

ಮನೆ ಶಾಂತವಾಯಿತು, ಬೇಕಾದದ್ದಕ್ಕಿಂತ ಹೆಚ್ಚೇ ಶಾಂತವಾಯಿತು. ಅತ್ತಿ ಸೆಂಟರಿಗೆ ಹೋಗುವುದನ್ನೇ ಬಿಟ್ಟಳು. ಮಧ್ಯಾಹ್ನ ಮನೆಯ ಫೋನಿನ ಮುಂದೆ ಕೂತು ಅದನ್ನು ಒದ್ದೆ ಅರಿವೆಯಿಂದ ಒರೆಸುವಳು. ಒರೆಸಿದ್ದನ್ನೇ ಒರೆಸುವಳು. ಒಂದು ರವಿವಾರ ನನಗೆ ತಡೆಯಲಾಗಲಿಲ್ಲ.

"ಅತ್ತಿ, ಯಾರನ್ನ ಹುಡುಕಾಕತ್ತಿದ್ದಿ?"

ಬಾಗಿಲ ಕಡೆ ನೋಡಿ, ದನಿ ಇಳಿಸಿ ಹೇಳಿದಳು.

"ಸಿಂದಗೀನ್ನ."

ಎಕ್ಸ್‌ಚೇಂಜಿನವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ; ಊರೇ ಹೆಸರು. ಮುದ್ದೇಬಿಹಾಳ ಎಂದರೆ ಸಿಟ್ಟಿನ ಗಂಡಸು, ಬಾಗೇವಾಡಿ ಎಂದರೆ ಯಾವಾಗಲೂ ಕೆಮ್ಮುವವ. ಸಿಂದಗಿ ಎಂದರೆ ಒಬ್ಬ ಹೆಣ್ಣುಮಗಳು. ದಿನಾ ಮುಂಜಾನೆ ಲೈನು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಕು. ಉಳಿದವರು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಇವರಿಬ್ಬರು "ಇವತ್ತೇನ ಪಲ್ಯಾ?" ಎಂದು ಕೇಳಿಕೊಳ್ಳುತ್ತಿದ್ದರು. ಹತ್ತೊಂಬತ್ತು ವರ್ಷ! ಅತ್ತಿ ಮದುವೆ ಬೇಡವೆಂದದ್ದು ಯಾಕೆ ಎಂಬುದು ಆಕೆಗೆ ಗೊತ್ತು. ಆಕೆಯ ಕೂಸು ಉಳಿಯದೆ ಹೋದದ್ದು ಅತ್ತಿಗೆ ಗೊತ್ತು. ಮುಖ ಮಾತ್ರ ಇಬ್ಬರಿಗೂ ಗೊತ್ತಿಲ್ಲ.

"ಬಸ್ಸಿನ್ಯಾಗ ಎರಡ ತಾಸಿನ ದಾರಿ ಅತ್ತಿ. ಒಮ್ಮೀನೂ ಹೋಗಲಿಲ್ಲೇನ?"

"ದಿನಾ ಮಾತಾಡ್ತಿದ್ವಿ. ಹೋಗಬೇಕ ಅಂತ ಅನಿಸಲೇ ಇಲ್ಲ. ಬೋರ್ಡ್ ತಗೀತಾರ ಅಂತ ಗೊತ್ತಾದಾಗ, ಕಡೀ ದಿನ ಹೆಸರು, ಅಡ್ರೆಸ್ ಕೊಡೂಣು ಅಂತ ಮಾಡಿದ್ವಿ. ಎಂಜಿನಿಯರ್ ಒಂದ ದಿನ ಮೊದಲ ಬಂದ್ಬಿಟ್ಟ."

ಆಮೇಲೆ ಅತ್ತಿ ಸಿಂದಗಿಗೆ ಹೋಗಿದ್ದಳು. ಅಲ್ಲಿದ್ದ ಮೂವರು ಆಪರೇಟರ್ ಹೆಂಗಸರಲ್ಲಿ ಒಬ್ಬಳು ತಾಳಿಕೋಟೆಗೆ, ಉಳಿದಿಬ್ಬರು ಎಲ್ಲೆಲ್ಲಿಗೋ ವರ್ಗವಾಗಿದ್ದರು. ತಾಳಿಕೋಟೆಗೂ ಹೋದಳು. ಆಕೆ "ಹಲೋ" ಎಂದ ಕೂಡಲೇ ಇವಳಲ್ಲ ಎಂದು ಗೊತ್ತಾಗಿ ಮುಂದಿನ ಬಸ್ಸಿಗೆ ತಿರುಗಿ ಬಂದಳು. ಮನೆಯ ದಾರಿ, ತೊಲೆಯ ಸಂದಿಯ ಕೀಲಿಕೈ, ಎಲ್ಲವೂ ಸಿಂದಗಿ ಬಂದರೆ ಹೊರಗೆ ನಿಲ್ಲಬಾರದು ಎಂದು.

"ಇಷ್ಟ ಜಗತ್ತಿಗೆಲ್ಲಾ ಹೇಳಿದಾಕಿ, ಇದನ್ನ ಒಂದ ನಮಗ ಯಾಕ ಹೇಳಲಿಲ್ಲ?"

"ಡ್ಯೂಟಿ ಮ್ಯಾಲ ಹರಟಿ ಹೊಡದೇವಿ ಅಂತ ಹೆಂಗ ಹೇಳಲಿ? ಪೆನ್ಶನ್ ಬಂದ ಮಾಡಿದ್ರ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಆಮೇಲೆ ಆಕೆಯನ್ನು ಸೆಂಟರಿಗೆ ಕರೆದುಕೊಂಡು ಹೋದೆ. ಹೆಡ್‌ಸೆಟ್ಟಿನ ಆ ಫೋಟೋ ಒಂದನ್ನೇ ಇಟ್ಟು, ಕೆಳಗೆ ಒಂದೇ ಸಾಲು ಬರೆದೆ: 'ಸಿಂದಗಿ, ಇಂಡಿ ಇಲ್ಲೇ ಐತಿ. ಇವತ್ತೇನ ಪಲ್ಯಾ?' ಪ್ರಶ್ನೆಯನ್ನು ಊರಿಗೆಲ್ಲ ತೋರಿಸಬಹುದು ಅತ್ತಿ, ಉತ್ತರ ಮಾತ್ರ ನಿನ್ನ ಹತ್ತಿರ ಇರಲಿ ಎಂದೆ.

"ಉತ್ತರ ನಿನಗೂ ಹೇಳಂಗಿಲ್ಲ," ಎಂದಳು ಅತ್ತಿ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಪಾಠ ಆಕೆಗೆ ಹತ್ತಿತ್ತು!

ಉತ್ತರಗಳೇನು ಕಡಿಮೆ ಬಂದವೇ? ಹಾಗಲಕಾಯಿ, ಹೀರೇಕಾಯಿ, ಹೆಸರುಕಾಳು, ಮೊಟ್ಟೆ. ಹೊರ್ತಿ ಮಾಸ್ತರರು ಮೂರು ಸಲ ಪ್ರಯತ್ನ ಮಾಡಿದರು, ಪಾಪ. ನಾನು ಓದುತ್ತ ಹೋಗುವುದು, ಅತ್ತಿ "ಅಲ್ಲ, ಅಲ್ಲ" ಎನ್ನುತ್ತ ಹೋಗುವುದು. ಹೀಗೆ ಏಳೆಂಟು ತಿಂಗಳು ಕಳೆಯಿತು. ನನಗೆ ಆಸೆ ಉಳಿದಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಆಕಳಿಸುತ್ತ ಬಂದು ಕೂರುತ್ತಿದ್ದೆ. ಅಂಥ ಒಂದು ಶನಿವಾರ ಮುದ್ದೇಬಿಹಾಳದ ಯಾರೋ ಹುಡುಗಿ ಬರೆದದ್ದನ್ನು ಓದಿದೆ. 'ನಮ್ಮ ದೊಡ್ಡವ್ವ ಹೇಳಿ ಬರೆಸಾಕತ್ತಾರ. ಪುಂಡಿಪಲ್ಯಾ. ಉಪ್ಪ ಹಾಕಿಲ್ಲ.'

"ಅಲ್ಲ" ಎಂಬ ಮಾತು ಬರಲಿಲ್ಲ. ತಿರುಗಿ ನೋಡಿದರೆ ಅತ್ತಿ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಮೊದಲನೇ ದಿನ ಕೇಳಿದಾಗ ಉಪ್ಪ ಮರತು ಕಟ್ಟಿಕೊಂಡ ಬಂದಿದ್ಲು," ಎಂದಳು. "ಆಮ್ಯಾಲ ಹೋಳಿಗಿ ಮಾಡಿದ್ರೂ ಅದನ್ನ ಹೇಳಾಕಿ."

ಆ ಹುಡುಗಿಯಿಂದ ನಂಬರು ತರಿಸಿಕೊಂಡು ಮನೆಗೆ ಬಂದೆವು. ಅತ್ತಿ ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಡ್ಯೂಟಿಗೆ ಕೂತಂತೆ ನೆಟ್ಟಗೆ ಕೂತು ನಂಬರು ಒತ್ತಿದಳು.

"ಹಲೋ. ಇಂಡಿ ಮಾತಾಡಾಕತ್ತೇನಿ."

ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ. ಅತ್ತಿ ರಿಸೀವರನ್ನು ಕಿವಿಗೆ ಒತ್ತಿಕೊಂಡು "ಹೇಳ ಸಿಂದಗಿ, ಲೈನ್ ಕ್ಲಿಯರ್ ಐತಿ" ಎಂದಳು. ಆಗಲೇ ಹೊಸ್ತಿಲಲ್ಲಿ ನಿಂತ ನನ್ನ ಮೇಲೆ ಕಣ್ಣು ಬಿತ್ತು. ರಿಸೀವರಿನ ಬಾಯಿಗೆ ಅಂಗೈ ಮುಚ್ಚಿದಳು.

"ಏನ ನಿಂತ ಕೇಳ್ತಿ? ಖಾಸಗಿ ಮಾತೈತಿ. ಹೊರಗ ಹೋಗಿ ಬಾಗಲಾ ಮುಂದ ಮಾಡ್ಕೋ."

ನಾನು ಬಾಗಿಲು ಎಳೆದುಕೊಂಡು ಕಟ್ಟೆಯ ಮೇಲೆ ಕೂತೆ. ಎಷ್ಟೋ ತಿಂಗಳ ದಣಿವೆಲ್ಲ ಆಗ ಕಣ್ಣಲ್ಲಿ ನೀರಾಗಿ ಬಂತು, ನನಗೆ ಸಂತೋಷವಾಗಿತ್ತು. ಒಳಗಿಂದ ಅತ್ತಿ ನಗುವುದು ಕೇಳುತ್ತಿತ್ತು. ಅಷ್ಟು ಜೋರಾಗಿ ಆಕೆ ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ. ಬಾಜೂ ಮನೆಯ ಕಾಕು ನಮ್ಮ ಡಬ್ಬಿ ತಿರುಗಿ ಕೊಡಲು ಬಂದವರು ಬಾಗಿಲ ಕಡೆ ಕಿವಿ ಕೊಟ್ಟು ನಿಂತರು.

"ನಿಮ್ಮತ್ತಿ ಯಾರ ಜೋಡಿ ಹಂಗ ನಗಾಕತ್ತಾಳ? ಏನ ಸುದ್ದಿ?"

ನಾನು ಡಬ್ಬಿ ಇಸಿದುಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಗೊತ್ತಿಲ್ರಿ ಕಾಕೂ," ಎಂದೆ. "ನನಗ ಕಿವಿ ಕೇಳಂಗಿಲ್ಲ."